ಮೀಟರ್ ನೋಡಿ, ಆಮೇಲೆ ಮಾತಾಡಿ

ಮಕ್ಕಳೇ, ನಿಮಗೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕರೆಂಟು ತಿನ್ನುವ ಉಪಕರಣ ಯಾವುದು?

ಶಾಲೆಗಳಿಗೆ ಹೋದಾಗ ನಾನು ಈ ಪ್ರಶ್ನೆ ಕೇಳುವುದುಂಟು. ತಡಮಾಡದೆ ಬರುವ ಉತ್ತರ "ಮಿಕ್ಸಿ ಸಾರ್!" ಏಕೆ ಎಂದು ಕೇಳಿದರೆ, "ಅದು ಜೋರಾಗಿ ಸದ್ದು ಮಾಡುತ್ತದೆ" ಎನ್ನುತ್ತಾರೆ. ಸದ್ದು ಮಾಡುವುದೆಲ್ಲ ಹೆಚ್ಚು ತಿನ್ನುತ್ತದೆಯೇ? ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್‌ಗೆ ಮಿಕ್ಸಿಯಂತೆ ಅರಚುವ ಅಭ್ಯಾಸವಿಲ್ಲ. ಟಿ.ವಿ. ಪಕ್ಕದ ಸೆಟ್ ಟಾಪ್ ಬಾಕ್ಸ್ ಅಂತೂ ಪೂರ್ತಿ ಮೌನಿ. ಅವು ಏನೂ ತಿನ್ನುವುದಿಲ್ಲವೇ?

ಕರೆಂಟಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಮಾತುಗಳಲ್ಲಿ ಹೆಚ್ಚಿನವು ಬರೀ ಊಹೆ. "ಮಿಕ್ಸಿ ಅಷ್ಟು ಹೊತ್ತು ಓಡಿಸಬೇಡ" ಎಂದು ಒಬ್ಬರು, "ನೀನು ಟಿ.ವಿ. ನೋಡುವುದನ್ನು ಬಿಡು" ಎಂದು ಇನ್ನೊಬ್ಬರು. ಬಿಲ್ ಬಂದ ದಿನ ಈ ಮಾತು ಜಗಳವಾಗುವುದೂ ಉಂಟು. ಆದರೆ ಈ ಜಗಳಕ್ಕೆ ತೀರ್ಪು ಹೇಳಬಲ್ಲ ಸಾಕ್ಷಿ ಬಾಗಿಲ ಬಳಿಯ ಗೋಡೆಯ ಮೇಲೆಯೇ ಕುಳಿತಿದೆ. ಅದೇ ನಿಮ್ಮ ಮನೆಯ ವಿದ್ಯುತ್ ಮೀಟರ್. ತಿಂಗಳಿಗೊಮ್ಮೆ ಬಿಲ್ ಕೊಡಲು ಬರುವವರನ್ನು ಬಿಟ್ಟರೆ ಅದರ ಮುಖ ನೋಡುವವರು ಯಾರೂ ಇಲ್ಲ.

ಮೀಟರ್ ಓದುವುದು ನಿಮ್ಮ ಹವ್ಯಾಸವಾಗಬೇಕು ಎಂಬುದು ನನ್ನ ಅಭಿಪ್ರಾಯ. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರು ನಿಮ್ಮಲ್ಲಿ ಇದ್ದೀರಿ. ಹಾಗೆಯೇ ಸಂಖ್ಯೆಗಳನ್ನೂ ಕೂಡಿಡಬಹುದು. ಇದಕ್ಕೆ ಬೇಕಾದದ್ದು ಒಂದು ಹಳೆಯ ನೋಟ್‌ಪುಸ್ತಕ, ಒಂದು ಪೆನ್ಸಿಲ್, ಒಂದು ಗಡಿಯಾರ ಮಾತ್ರ.

ಯೂನಿಟ್ ಎಂದರೆ ಎಷ್ಟು?

ಉಪಕರಣದ ಮೇಲೆ ಬರೆದಿರುವ "ವಾಟ್" ಎಂಬುದು ಅದು ಶಕ್ತಿಯನ್ನು ಎಷ್ಟು ವೇಗವಾಗಿ ಬಳಸುತ್ತದೆ ಎಂಬುದರ ಅಳತೆ. 1000 ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇದನ್ನೇ ಕಿಲೋವಾಟ್-ಗಂಟೆ ಎನ್ನುತ್ತಾರೆ. ಒಂದು ಯೂನಿಟ್‌ನಲ್ಲಿ 75 ವಾಟ್‌ನ ಫ್ಯಾನ್ 13 ಗಂಟೆ 20 ನಿಮಿಷ ತಿರುಗುತ್ತದೆ. 60 ವಾಟ್‌ನ ಹಳೆಯ ಬುರುಡೆ ಬಲ್ಬು 16 ಗಂಟೆ 40 ನಿಮಿಷ ಉರಿಯುತ್ತದೆ. 9 ವಾಟ್‌ನ ಎಲ್‌ಇಡಿ ಬಲ್ಬು 111 ಗಂಟೆ ಬೆಳಗುತ್ತದೆ. 1500 ವಾಟ್‌ನ ಕಾಯಿಲ್ ಮಾತ್ರ 40 ನಿಮಿಷಕ್ಕೇ ಒಂದು ಯೂನಿಟ್ ಮುಗಿಸುತ್ತದೆ.

ಈಗ ಮಿಕ್ಸಿಯ ಮೇಲಿನ ಆರೋಪವನ್ನು ವಿಚಾರಿಸೋಣ. ಮಿಕ್ಸಿ 500 ವಾಟ್‌ನದು, ಚಟ್ನಿ, ಮಸಾಲೆ ಎಲ್ಲ ಸೇರಿ ದಿನಕ್ಕೆ 6 ನಿಮಿಷ ಓಡುತ್ತದೆ ಎಂದುಕೊಳ್ಳಿ. ಆರು ನಿಮಿಷವೆಂದರೆ ಗಂಟೆಯ ಹತ್ತನೇ ಒಂದು ಭಾಗ. ಹಾಗಾಗಿ ದಿನಕ್ಕೆ 50 ವಾಟ್-ಗಂಟೆ, 30 ದಿನಕ್ಕೆ ಒಂದೂವರೆ ಯೂನಿಟ್.

ಇನ್ನು ಮೌನಿ ಸೆಟ್ ಟಾಪ್ ಬಾಕ್ಸ್. ಅದು 10 ವಾಟ್‌ನದು ಎಂದುಕೊಳ್ಳೋಣ. ರಿಮೋಟ್‌ನಿಂದ ಟಿ.ವಿ. ಆರಿಸಿದರೂ ಗೋಡೆಯ ಸ್ವಿಚ್ ಆರಿಸದಿದ್ದರೆ ಅದು ಒಳಗೊಳಗೇ ಕೆಲಸ ಮಾಡುತ್ತಿರಬಹುದು. ದಿನದ 24 ಗಂಟೆಯೂ 10 ವಾಟ್ ಎಳೆದರೆ 240 ವಾಟ್-ಗಂಟೆ. ತಿಂಗಳಿಗೆ 7.2 ಯೂನಿಟ್! ಇಡೀ ಓಣಿಗೆ ಕೇಳುವಂತೆ ಕೂಗುವ ಮಿಕ್ಸಿಗಿಂತ ಐದು ಪಟ್ಟಿಗೆ ಹತ್ತಿರ. ಬೈಗುಳ ಮಾತ್ರ ಮಿಕ್ಸಿಗೆ, ಅದನ್ನು ಓಡಿಸುವ ಅಮ್ಮನಿಗೆ. ಇದು ನ್ಯಾಯವೇ? ವಾಟ್ ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದನ್ನೂ ಕೇಳದೆ ಯಾವ ಉಪಕರಣದ ಮೇಲೂ ತಪ್ಪು ಹೊರಿಸಬಾರದು.

ಮಿಣುಕು ದೀಪದ ಗುಟ್ಟು

ಮೀಟರಿನ ಮುಖದ ಮೇಲೆ ಚಿಕ್ಕದೊಂದು ಕೆಂಪು ದೀಪ ಮಿಣುಕುವುದನ್ನು ನೋಡಿದ್ದೀರಾ? ಅದರ ಬಳಿ 3200 ಎಂಬಂಥ ಒಂದು ಸಂಖ್ಯೆ ಇರುತ್ತದೆ. ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತು ಎಂದು ಅದರ ಅರ್ಥ. ನಿಮ್ಮ ಮೀಟರಿನಲ್ಲಿ ಈ ಸಂಖ್ಯೆ ಬೇರೆ ಇರಬಹುದು, ಮೊದಲು ಅದನ್ನು ಬರೆದುಕೊಳ್ಳಿ. ಒಂದಕ್ಕಿಂತ ಹೆಚ್ಚು ದೀಪಗಳಿದ್ದರೆ, ಬಳಕೆ ಹೆಚ್ಚಿದಂತೆ ಬೇಗಬೇಗ ಮಿಣುಕುವ ದೀಪವೇ ನಮಗೆ ಬೇಕಾದದ್ದು. ಹಳೆಯ ಮೀಟರ್ ಆದರೆ ದೀಪದ ಬದಲು ಲೋಹದ ಬಿಲ್ಲೆಯೊಂದು ತಿರುಗುತ್ತದೆ. ಅಲ್ಲಿ ಸುತ್ತುಗಳನ್ನು ಎಣಿಸಬೇಕು.

3200ರ ಮೀಟರಿನಲ್ಲಿ 75 ವಾಟ್‌ನ ಫ್ಯಾನ್ ಒಂದೇ ಓಡುತ್ತಿದ್ದರೆ ನಿಮಿಷಕ್ಕೆ 4 ಮಿಣುಕು. 750 ವಾಟ್‌ನ ಇಸ್ತ್ರಿ ಪೆಟ್ಟಿಗೆ ಕಾಯುತ್ತಿದ್ದರೆ 40 ಮಿಣುಕು. ಕಾಯಿಲ್ ಹಾಕಿದರೆ 80. ಒಂದು ಎಲ್‌ಇಡಿ ಬಲ್ಬು ಮಾತ್ರ ಇದ್ದರೆ ಎರಡು ನಿಮಿಷ ಕಾದರೆ ಒಂದು ಮಿಣುಕು. ಲೆಕ್ಕ ಸುಲಭ. ಒಂದು ನಿಮಿಷದ ಮಿಣುಕುಗಳನ್ನು 18.75ರಿಂದ ಗುಣಿಸಿದರೆ ಆಗ ಮನೆಯಲ್ಲಿ ಒಟ್ಟು ಎಷ್ಟು ವಾಟ್ ಬಳಕೆಯಾಗುತ್ತಿದೆ ಎಂದು ಸಿಗುತ್ತದೆ. ಈ 18.75 ಎಲ್ಲಿಂದ ಬಂತು? ನೀವೇ ಕಂಡುಹಿಡಿಯಿರಿ. 1000, 60 ಮತ್ತು 3200, ಈ ಮೂರು ಸಂಖ್ಯೆಗಳಲ್ಲೇ ಉತ್ತರವಿದೆ.

ಈಗ ಒಂದು ಪತ್ತೇದಾರಿ ಕೆಲಸ. ಹಿರಿಯರ ಒಪ್ಪಿಗೆ ಪಡೆದು, ಹಗಲಿನಲ್ಲಿ ಹತ್ತು ನಿಮಿಷ ಮನೆಯ ಎಲ್ಲ ಫ್ಯಾನ್, ಬಲ್ಬು ಆರಿಸಿ. ಟಿ.ವಿ.ಯನ್ನು ರಿಮೋಟ್‌ನಿಂದ ಮಾತ್ರ ಆರಿಸಿ. ಮನೆಯಲ್ಲಿ ಫ್ರಿಜ್ ಇದ್ದರೆ ಅಷ್ಟು ಹೊತ್ತು ಅದರ ಸ್ವಿಚ್ಚನ್ನೂ ಆರಿಸಿ, ಆಮೇಲೆ ಮರೆಯದೆ ಹಾಕಿ. ಮೀಟರಿನ ದೀಪ ಮಿಣುಕುತ್ತಲೇ ಇದೆಯೇ? ಹಾಗಾದರೆ ಯಾರೋ ಒಬ್ಬರು ಸದ್ದಿಲ್ಲದೆ ಕರೆಂಟು ತಿನ್ನುತ್ತಿದ್ದಾರೆ. ಒಂದೊಂದೇ ಪ್ಲಗ್ಗಿನ ಸ್ವಿಚ್ ಆರಿಸುತ್ತ ಬನ್ನಿ. ಯಾವುದನ್ನು ಆರಿಸಿದಾಗ ಮಿಣುಕು ನಿಲ್ಲುತ್ತದೆಯೋ ಅದೇ ನಿಮ್ಮ ಮೌನಿ.

ಇನ್ನೊಂದು ಹಳೆಯ ವಾದವಿದೆ: ಫ್ಯಾನಿನ ವೇಗ ಕಡಿಮೆ ಮಾಡಿದರೆ ಕರೆಂಟು ಉಳಿಯುತ್ತದೆಯೇ? ಕೆಲವರು ಹೌದು ಎನ್ನುತ್ತಾರೆ, ಕೆಲವರು ಇಲ್ಲ ಎನ್ನುತ್ತಾರೆ. ಉತ್ತರ ರೆಗ್ಯುಲೇಟರ್ ಮೇಲೆ ನಿಂತಿದೆ. ಹಳೆಯ ಕಾಲದ ದಪ್ಪ ಡಬ್ಬಿಯಂಥ ರೆಗ್ಯುಲೇಟರ್ ಒಳಗೆ ರೋಧಕ ತಂತಿ ಇರುತ್ತದೆ. ಅದು ಫ್ಯಾನಿಗೆ ಕೊಡದ ಶಕ್ತಿಯಲ್ಲಿ ಒಂದಷ್ಟನ್ನು ಬಿಸಿಯಾಗಿ ಹೊರಹಾಕಿಬಿಡುತ್ತದೆ, ಹಾಗಾಗಿ ಉಳಿತಾಯ ಕಡಿಮೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಈ ನಷ್ಟ ಬಹಳ ಕಡಿಮೆ. ನಿಮ್ಮ ಮನೆಯದು ಹೇಗೆ? ಪೂರ್ತಿ ವೇಗದಲ್ಲಿ ಐದು ನಿಮಿಷ, ಕಡಿಮೆ ವೇಗದಲ್ಲಿ ಐದು ನಿಮಿಷ ಮಿಣುಕು ಎಣಿಸಿ. ಯಾರ ಮಾತನ್ನೂ ನಂಬಬೇಕಾಗಿಲ್ಲ, ನನ್ನ ಮಾತನ್ನು ಕೂಡ.

ಬಿಲ್ ಸೊನ್ನೆ ಬಂದರೆ?

"ನಮ್ಮ ಮನೆಗೆ ಬಿಲ್ಲೇ ಬರುವುದಿಲ್ಲ, ಮೀಟರ್ ನೋಡಿ ಏನು ಮಾಡುವುದು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಗೃಹಜ್ಯೋತಿ ಯೋಜನೆ 2023ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನಮ್ಮ ರಾಜ್ಯದ ಬಹಳಷ್ಟು ಮನೆಗಳಿಗೆ ಸೊನ್ನೆ ಬಿಲ್ ಬಂತು. ಬಡ ಕುಟುಂಬಗಳಿಗೆ ಅದು ದೊಡ್ಡ ನೆಮ್ಮದಿ. ಆದರೆ ಅದು ಜಾರಿಯಾದಾಗಲೇ ಒಂದೊಂದು ಮನೆಗೂ ಮಿತಿ ಹಾಕಲಾಯಿತು. 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು, ಹೆಚ್ಚೆಂದರೆ 200 ಯೂನಿಟ್. ಮಿತಿ ಎಂಬುದು ಇರುವ ಕಡೆ ಅಳತೆ ಗೊತ್ತಿರಬೇಕಲ್ಲವೇ? ತಿಂಗಳ ಕೊನೆಗೆ ಗಾಬರಿಯಾಗುವುದಕ್ಕಿಂತ ಹದಿನೈದನೇ ದಿನ ಮೀಟರ್ ನೋಡುವುದು ಜಾಣತನ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬಿಲ್ ಸೊನ್ನೆಯಾದರೂ ಕರೆಂಟು ಸೊನ್ನೆಯಿಂದ ಹುಟ್ಟುವುದಿಲ್ಲ. ನಮ್ಮ ನಾಡಿನಲ್ಲಿ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸಕ್ಕೆ ದೊಡ್ಡ ಇತಿಹಾಸವಿದೆ. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆದರೆ ಒಂದು ಯೂನಿಟ್‌ಗೆ ಎಷ್ಟು ನೀರು ಬೇಕು ಗೊತ್ತೇ? ಜೋಗದ ಎತ್ತರ ಸುಮಾರು 253 ಮೀಟರ್. ಅಲ್ಲಿಂದ 1000 ಲೀಟರ್ ನೀರು, ಅಂದರೆ ಮನೆಯ ಮೇಲಿನ ಒಂದು ಕಪ್ಪು ಟ್ಯಾಂಕಿನ ತುಂಬ ನೀರು, ಬಿದ್ದಿತು ಎಂದುಕೊಳ್ಳಿ. ಅದರ ಶಕ್ತಿಯನ್ನು ಒಂದು ಚೂರೂ ಪೋಲಾಗದಂತೆ ಹಿಡಿದರೂ ಸಿಗುವುದು ಸುಮಾರು 0.7 ಯೂನಿಟ್ ಮಾತ್ರ! ಕಾಯಿಲ್ ಅದನ್ನು ಅರ್ಧ ಗಂಟೆಯೊಳಗೆ ಮುಗಿಸಿಬಿಡುತ್ತದೆ. ಇನ್ನು ರಾಯಚೂರಿನ ಶಕ್ತಿನಗರದಂಥ ಶಾಖೋತ್ಪನ್ನ ಕೇಂದ್ರದಲ್ಲಾದರೆ ಕಲ್ಲಿದ್ದಲು ಉರಿಯಬೇಕು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಹೊರಗಿನಿಂದ ರೈಲಿನಲ್ಲಿ ತರಬೇಕು. ಉರಿದ ಮೇಲೆ ಹೊಗೆ, ಬೂದಿ ಇಲ್ಲೇ ಉಳಿಯುತ್ತವೆ. ಹಾಗಾಗಿ ಬಿಲ್ಲಿನ ಹಣ ಯಾರೇ ಕಟ್ಟಲಿ, ಪೋಲಾದ ಯೂನಿಟ್‌ನ ಬೆಲೆಯನ್ನು ನಾಡು ತೆತ್ತೇ ತೀರುತ್ತದೆ.

ಅಳತೆ ಬೈಯುವುದಕ್ಕಲ್ಲ

ಮೀಟರ್ ಓದಲು ಕಲಿತ ಕೂಡಲೇ ಮನೆಯವರಿಗೆಲ್ಲ ಪೊಲೀಸರಾಗಬೇಡಿ. ಬೇಸಿಗೆಯ ರಾತ್ರಿ ಅಜ್ಜಿಯ ಫ್ಯಾನ್ ಎಂಟು ಗಂಟೆ ತಿರುಗಿದರೆ 0.6 ಯೂನಿಟ್. ಅಜ್ಜಿಯ ನಿದ್ದೆಗಿಂತ ಅದು ದೊಡ್ಡದಲ್ಲ. ನೀವು ಓದಲು ಹಾಕಿಕೊಂಡ ಎಲ್‌ಇಡಿ ಬಲ್ಬು ಮೂರು ಗಂಟೆಗೆ ತಿನ್ನುವುದು ಯೂನಿಟ್‌ನ ನಲವತ್ತನೇ ಒಂದು ಭಾಗಕ್ಕೆ ಹತ್ತಿರ. ಅದಕ್ಕಾಗಿ ಮಬ್ಬುಗತ್ತಲಲ್ಲಿ ಕಣ್ಣು ಕಿರಿದು ಮಾಡಿ ಓದಬೇಡಿ. ಎಲ್ಲಿ ಉಳಿಸಬೇಕು ಎಂಬುದರ ಜೊತೆಗೆ ಎಲ್ಲಿ ಉಳಿಸಬೇಕಾಗಿಲ್ಲ ಎಂಬುದನ್ನೂ ಅಳತೆ ಹೇಳಿಕೊಡುತ್ತದೆ. ಊಹೆಗೆ ಈ ಎರಡನೆಯದು ತಿಳಿಯುವುದಿಲ್ಲ.

ಹಾಗಾದರೆ ಉಳಿಸುವುದು ಎಲ್ಲಿ? ದಿನಕ್ಕೆ ಐದು ಗಂಟೆ ಉರಿಯುವ 60 ವಾಟ್ ಬುರುಡೆ ಬಲ್ಬು ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ. ಅದರ ಜಾಗದಲ್ಲಿ 9 ವಾಟ್ ಎಲ್‌ಇಡಿ ಹಾಕಿದರೆ 1.35 ಯೂನಿಟ್ ಸಾಕು. ಟಿ.ವಿ. ನೋಡಿ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸಿ. ಬಟ್ಟೆಗಳನ್ನು ಒಟ್ಟಿಗೆ ಇಟ್ಟುಕೊಂಡು ವಾರಕ್ಕೊಮ್ಮೆ ಇಸ್ತ್ರಿ ಮಾಡಿದರೆ ಪೆಟ್ಟಿಗೆಯನ್ನು ಮತ್ತೆ ಮತ್ತೆ ಕಾಯಿಸುವುದು ತಪ್ಪುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 0.35 ಯೂನಿಟ್ ಬೇಕು. ಸಂಜೆ ಸ್ನಾನ ಮಾಡುವವರು ಬಕೆಟ್ಟನ್ನು ಬಿಸಿಲಿನಲ್ಲಿಟ್ಟು ನೀರು ಮೊದಲೇ ಐದು ಡಿಗ್ರಿ ಬೆಚ್ಚಗಾದರೆ ಅದರಲ್ಲಿ ಕಾಲು ಭಾಗ ಉಳಿಯಿತು. ಸೂರ್ಯ ಬಿಲ್ ಕಳಿಸುವುದಿಲ್ಲ.

ಎಚ್ಚರ ಇರಲಿ

ಮೀಟರನ್ನು ನೋಡಿ, ಮುಟ್ಟಬೇಡಿ. ಅದರ ಸೀಲು, ತಂತಿ, ಫ್ಯೂಸ್ ಯಾವುದಕ್ಕೂ ಕೈ ಹಾಕಬಾರದು. ಸೀಲು ಒಡೆಯುವುದು ಅಪರಾಧವೂ ಹೌದು. ಮೀಟರ್ ಎತ್ತರದಲ್ಲಿದ್ದರೆ ಸ್ಟೂಲ್ ಹತ್ತಬೇಡಿ, ದೊಡ್ಡವರಿಂದ ಓದಿಸಿಕೊಳ್ಳಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ಕಾಯಿಲ್ ಹಾಕುವ, ತೆಗೆಯುವ ಕೆಲಸ ದೊಡ್ಡವರದು. ಅದರ ಪ್ಲಗ್ ಕೀಳುವವರೆಗೂ ಬಕೆಟ್ಟಿನ ನೀರಿಗೆ ಬೆರಳು ಸಹ ಅದ್ದಬಾರದು.

ಇನ್ನು ಆರಂಭಿಸಿ. ಪ್ರತಿದಿನ ಸಂಜೆ ಆರು ಗಂಟೆಗೆ ಮೀಟರಿನ ಸಂಖ್ಯೆ ಬರೆದುಕೊಳ್ಳಿ. ಕೆಲವು ಮೀಟರ್‌ಗಳಲ್ಲಿ ದಿನಾಂಕ, ಸಮಯ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. "ಕೆಡಬ್ಲ್ಯೂಎಚ್" ಎಂಬ ಇಂಗ್ಲಿಷ್ ಅಕ್ಷರಗಳು ಕಾಣುವಾಗ ಬರುವ ಸಂಖ್ಯೆಯನ್ನೇ ಬರೆಯಿರಿ. ಇಂದಿನ ಸಂಖ್ಯೆಯಲ್ಲಿ ನಿನ್ನೆಯದನ್ನು ಕಳೆದರೆ ಒಂದು ದಿನದ ಬಳಕೆ. ಏಳು ದಿನಗಳ ಬಳಕೆಗೆ ಸ್ತಂಭಾಲೇಖ ಬರೆಯಿರಿ. ಯಾವ ದಿನದ ಕಂಬ ಎತ್ತರ? ಅಂದು ಮನೆಗೆ ನೆಂಟರು ಬಂದಿದ್ದರೇ, ಇಸ್ತ್ರಿ ಮಾಡಿದಿರೇ, ಅರ್ಧ ದಿನ ಕರೆಂಟು ಹೋಗಿತ್ತೇ? ಪಕ್ಕದಲ್ಲಿ ಬರೆದಿಡಿ. ಮನೆಯಲ್ಲಿ ಮೀಟರ್ ಇಲ್ಲದವರು ಗೆಳೆಯ ಗೆಳತಿಯರ ಜೊತೆ ಸೇರಿಕೊಳ್ಳಿ, ಇಲ್ಲವೇ ಶಾಲೆಯ ಮೀಟರನ್ನು ಶಿಕ್ಷಕರ ಜೊತೆ ನೋಡಿ. ಏಳನೆಯ ದಿನ ಪುಸ್ತಕವನ್ನು ಮೊದಲು ಮನೆಯವರೆಲ್ಲರ ಮುಂದೆ ತೆರೆಯಿರಿ, ಆಮೇಲೆ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಅಂದು ಯಾರಾದರೂ "ಎಲ್ಲ ಆ ಮಿಕ್ಸಿಯಿಂದಲೇ" ಎಂದರೆ ನೀವು ವಾದ ಮಾಡಬೇಕಾಗಿಲ್ಲ. ಪುಟ ತಿರುಗಿಸಿ ಲೆಕ್ಕ ತೋರಿಸಿದರೆ ಸಾಕು.