ರಿಪೇರಿಯ ಹಕ್ಕಿನಲ್ಲಿ ಕೈ ಹೋಗುವಷ್ಟು ಜಾಗವೂ ಸೇರಲಿ

ಸನ್‌ಬೀಮ್ ಟೈಗರ್ ಕಾರಿನ ಎಂಟು ಸ್ಪಾರ್ಕ್ ಪ್ಲಗ್‌ಗಳಲ್ಲಿ ಎಡಸಾಲಿನ ಕೊನೆಯದನ್ನು ಬಿಚ್ಚಬೇಕಾದರೆ ಬಾನೆಟ್ ಎತ್ತಿ ಪ್ರಯೋಜನವಿಲ್ಲ, ಕಾರಿನೊಳಗೆ ಹೋಗಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಎದುರಿನ ತಗಡಿನಲ್ಲಿರುವ ರಬ್ಬರ್ ಬಿರಡೆ ಕಿತ್ತರೆ ಒಂದು ತೂತು ಕಾಣುತ್ತದೆ. ಸಾಕೆಟ್‌ಗೆ ಎಕ್ಸ್‌ಟೆನ್ಷನ್ ಸಿಕ್ಕಿಸಿ ಅದರಲ್ಲಿ ತೂರಿಸಿದರೆ ಪ್ಲಗ್ ಸಿಗುತ್ತದೆ.

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ರಿಪೇರಿ ಮಾಡಿ ಬದುಕುವವನು ನಾನು. ಈ ತೂತು ನೋಡಿ ನಗುವವರೇ ಹೆಚ್ಚು. ನನಗೆ ಮಾತ್ರ ಅದರ ಮೇಲೆ ಗೌರವ. ನಾಲ್ಕು ಸಿಲಿಂಡರಿನ ಆಲ್ಪೈನ್ ಕಾರಿನ ಹೊಟ್ಟೆಯೊಳಗೆ ಫೋರ್ಡ್‌ನ 4.3 ಲೀಟರಿನ ವಿ-8 ಎಂಜಿನ್ ತುರುಕಿ ರೂಟ್ಸ್ ಕಂಪನಿ 1964ರಲ್ಲಿ ಟೈಗರನ್ನು ಹೊರತಂದಿತು. ಮಾದರಿ ಕಾರು ಕಟ್ಟಿದವನು ಅಮೆರಿಕದ ಕ್ಯಾರಲ್ ಶೆಲ್ಬಿ. ಮಾರಾಟದ ಕಾರುಗಳು ತಯಾರಾದದ್ದು ವೆಸ್ಟ್ ಬ್ರಾಮ್‌ವಿಚ್‌ನ ಜೆನ್ಸನ್ ಕಾರ್ಖಾನೆಯಲ್ಲಿ. ಎಂಜಿನ್ ಕೂರಿಸಲು ಅಲ್ಲಿ ಬಣ್ಣ ಬಳಿದು ಬಂದ ತಗಡನ್ನೇ ದೊಡ್ಡ ಸುತ್ತಿಗೆಯಿಂದ ಬಡಿದು ತಗ್ಗು ಮಾಡುತ್ತಿದ್ದರು. ಅಂಥ ಇಕ್ಕಟ್ಟಿನಲ್ಲೂ ಯಾರಿಗೋ, ನಾಳೆ ಇದನ್ನು ಬಿಚ್ಚುವವನು ಒಬ್ಬನಿರುತ್ತಾನಲ್ಲ ಅನ್ನಿಸಿದೆ. ಆಯಿಲ್ ಫಿಲ್ಟರನ್ನೂ ಎಡಗಡೆಯ ಕೆಳಗಿನಿಂದ ಎತ್ತಿ ಬಲಗಡೆ ಮೇಲಕ್ಕೆ ತಂದಿದ್ದಾರೆ.

ಇಕ್ಕಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಸ್ಪೋರ್ಟ್ಸ್ ಕಾರು ತಗ್ಗಾಗಿ, ಸಪೂರವಾಗಿ ಇರಬೇಕು. ಅದಕ್ಕೆ ಬೆಲೆ ತೆರಬೇಕು. 1961ರ ಜಾಗ್ವಾರ್ ಇ-ಟೈಪ್‌ನಲ್ಲಿ ಹಿಂದಿನ ಬ್ರೇಕ್ ಡಿಸ್ಕ್‌ಗಳು ಚಕ್ರದ ಬಳಿ ಇಲ್ಲ, ಡಿಫರೆನ್ಷಿಯಲ್‌ಗೆ ಅಂಟಿಕೊಂಡಿವೆ. ಚಕ್ರದ ಭಾರ ಕಡಿಮೆಯಾದರೆ ರಸ್ತೆ ಹಿಡಿತ ಚೆನ್ನಾಗಿರುತ್ತದೆ ಎಂಬುದು ಕಾರಣ. ಸರಿಯಾದ ಕಾರಣವೇ. ಆದರೆ ಡಿಸ್ಕ್ ಬದಲಿಸುವಾಗ ಬಹಳ ಮಂದಿ ಹಿಂದಿನ ಸಸ್ಪೆನ್ಷನ್ನನ್ನೇ ಇಡಿಯಾಗಿ ಕೆಳಗಿಳಿಸುತ್ತಾರೆ. ಕ್ಲಚ್ ಪ್ಲೇಟ್ ಸವೆದರಂತೂ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಹೊರತೆಗೆಯಬೇಕು. ಅಷ್ಟು ಚೆಂದದ ಕಾರು ಕೊಂಡವನು ಇಷ್ಟನ್ನು ಗೊಣಗದೆ ಸಹಿಸಿಕೊಳ್ಳಲಿ!

ಹಾಗೆಂದು ಚೆಂದ ಬೇಕಾದರೆ ಕಷ್ಟ ಅನಿವಾರ್ಯ ಎಂದರೆ ಒಪ್ಪಲಾರೆ. ನಾನು ಕೆಲಸ ಕಲಿತದ್ದು ಬೆಂಗಳೂರಿನ ಗ್ಯಾರೇಜೊಂದರಲ್ಲಿ, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳ ಮೇಲೆ. ಅದರ ಮುಂಭಾಗ ಮಡ್‌ಗಾರ್ಡ್, ಲೈಟು ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಉಸ್ತಾದರು ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತು ಕಾರ್ಬ್ಯುರೇಟರ್ ಟ್ಯೂನ್ ಮಾಡುತ್ತಿದ್ದರು. ಅದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ, ಇಟಲಿಯ ಮಿಕೆಲೋಟ್ಟಿಯಿಂದ ವಿನ್ಯಾಸ ಮಾಡಿಸಿ 1962ರಲ್ಲಿ ಟ್ರಯಂಫ್ ತಂದ ಸ್ಪೋರ್ಟ್ಸ್ ಕಾರು ಸ್ಪಿಟ್‌ಫೈರ್. ಅದೂ ಸುಂದರ, ಅದರ ಟೈರಿನ ಮೇಲೂ ಕೂರಬಹುದು.

ಟೈಗರಿನಂಥ ತೂತೂ ಇಲ್ಲದ ಕಡೆ ನಾವೇ ಉಪಾಯ ಹುಡುಕುತ್ತೇವೆ. ಸಾಕೆಟ್ ಒಳಗೆ ಚೂರು ಗ್ರೀಸ್ ಹಚ್ಚಿದರೆ ನಟ್ ಬೀಳುವುದಿಲ್ಲ. ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಬೆರಳಲ್ಲೇ ತಿರುಗಿಸಿದರೆ, ಥ್ರೆಡ್ ಅಡ್ಡ ಹಿಡಿದಾಗ ಪೈಪು ಜಾರುತ್ತದೆ, ಸಿಲಿಂಡರ್ ಹೆಡ್ ಉಳಿಯುತ್ತದೆ. ಒಂದೇ ಒಂದು ಬೋಲ್ಟಿಗಾಗಿ ಸ್ಪ್ಯಾನರನ್ನು ಕೆಂಪಗೆ ಕಾಯಿಸಿ ಬಗ್ಗಿಸಿಕೊಂಡದ್ದೂ ಇದೆ. ಅಂಥ ಸೊಟ್ಟ ಸ್ಪ್ಯಾನರುಗಳಿಗೇ ನನ್ನ ಪೆಟ್ಟಿಗೆಯಲ್ಲಿ ಒಂದು ಖಾನೆ. ಇದನ್ನು ಜನ ಕೌಶಲ ಎಂದು ಹೊಗಳುತ್ತಾರೆ. ನಿಜ ಹೇಳಬೇಕೆಂದರೆ, ನಕ್ಷೆ ಬರೆದವನು ಉಳಿಸಿಕೊಂಡ ಶ್ರಮವನ್ನು ನಾವು ತೀರಿಸುತ್ತಿದ್ದೇವೆ. ಅದರ ಕೂಲಿ ಕಾರಿನ ಯಜಮಾನನ ತಲೆಗೆ.

ಈಗ ಯಾಕೆ ಈ ಮಾತು? ಭಾರತ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ವರ್ಷದ ಕೊನೆಗೆ ಪೋರ್ಟಲ್ಲನ್ನೂ ತೆರೆಯಿತು. ವಾಹನಗಳೂ ಅದರಲ್ಲಿ ಸೇರಿವೆ. ಆದರೆ ವಾಹನಗಳ ಮಟ್ಟಿಗೆ ಚರ್ಚೆ ಹೆಚ್ಚಾಗಿ ಬಿಡಿಭಾಗ ಸಿಗಬೇಕು, ಮ್ಯಾನ್ಯುಯಲ್ ಕೊಡಬೇಕು, ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ವಾರಂಟಿ ಹೋಗಬಾರದು ಎಂಬುದರ ಸುತ್ತಲೇ. ಬಿಡಿಭಾಗ ಕೈಯಲ್ಲಿದ್ದು, ಅದನ್ನು ಹಾಕುವ ಜಾಗಕ್ಕೆ ಕೈಯೇ ಹೋಗದಿದ್ದರೆ? ಫ್ರಾನ್ಸ್‌ನಲ್ಲಿ 2021ರಲ್ಲಿ ಫೋನು, ವಾಷಿಂಗ್ ಮೆಷಿನ್ನಿನಂಥ ವಸ್ತುಗಳಿಗೆ ಕೊಡತೊಡಗಿದ ರಿಪೇರಿ ಅಂಕದಲ್ಲಿ ಎಷ್ಟು ಸುಲಭವಾಗಿ ಬಿಚ್ಚಬಹುದು ಎಂಬುದಕ್ಕೂ ಪಾಲಿತ್ತು. ಕಾರಿಗೆ ಯಾಕಿರಬಾರದು?

ಹೊಸದಾಗಿ ಲೆಕ್ಕ ಹಾಕುವ ಕೆಲಸವೂ ಇಲ್ಲ. ಯಾವ ರಿಪೇರಿಗೆ ಎಷ್ಟು ಗಂಟೆ ಎಂಬ ಪಟ್ಟಿ ಕಂಪನಿಗಳ ಬಳಿ ಇದ್ದೇ ಇದೆ. ವಾರಂಟಿ ಕೆಲಸಕ್ಕೆ ಕೂಲಿ ಕೊಡುವುದೂ ಅದನ್ನು ನೋಡಿಯೇ. ಆ ಪಟ್ಟಿಯಿಂದ ಕ್ಲಚ್, ಬ್ಯಾಟರಿ, ಫ್ಯಾನ್ ಬೆಲ್ಟ್, ಹೆಡ್‌ಲೈಟ್ ಬಲ್ಬ್ ಇಷ್ಟನ್ನು ಎತ್ತಿ, ಶೋರೂಮಿನಲ್ಲಿ ಮೈಲೇಜಿನ ಪಕ್ಕದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಲಿ. ಒಂದು ಬಲ್ಬಿಗಾಗಿ ಬಂಪರ್ ಬಿಚ್ಚಬೇಕಾದ ಕಾರುಗಳು ಇವತ್ತು ರಸ್ತೆಯ ಮೇಲಿವೆ. ಕೊಳ್ಳುವಾಗ ಅದನ್ನು ಯಾರೂ ಹೇಳಿರುವುದಿಲ್ಲ.