ಮೂರು ನಿಮಿಷದ ಆಟಕ್ಕೆ ವರ್ಷದ ಬೆವರು!

ಲಗೋರಿ ಆಡಿದ್ದೀರಲ್ಲ? 2022ರಲ್ಲಿ ದೆಹಲಿಯಲ್ಲಿ ನಡೆದ ಕಾಲೇಜು ವಿದ್ಯಾರ್ಥಿಗಳ ಎಬಿಯು ರೋಬೋಕಾನ್ ಸ್ಪರ್ಧೆಯ ವಿಷಯವೇ ‘ಲಗೋರಿ’. ನಮ್ಮ ಓಣಿಯ ಆಟವನ್ನು, ಅದೇ ಹೆಸರಿನಲ್ಲಿ, ಯಂತ್ರಗಳು ಆಡಿದವು! 2024ರಲ್ಲಿ ವಿಯೆಟ್ನಾಂ ತನ್ನ ಭತ್ತದ ಗದ್ದೆಯನ್ನೇ ಅಂಕಣಕ್ಕೆ ತಂದಿತು. ರೋಬೋಗಳು ಸಸಿ ನೆಡಬೇಕು, ಕೊಯ್ಯಬೇಕು, ಕಣಜ ತುಂಬಬೇಕು. ಇಡಗುಂಜಿಯ ಹುಡುಗನಿಗೆ ಗದ್ದೆ ನಿಮಗಿಂತ ಚೆನ್ನಾಗಿ ಗೊತ್ತು. ಅವನ ಹತ್ತಿರ ಇಲ್ಲದ್ದು ಹೊತ್ತು.

ಪಂದ್ಯ ಮೂರೇ ನಿಮಿಷ. ಅದರ ಹಿಂದೆ ತಿಂಗಳುಗಟ್ಟಲೆ ದುಡಿಮೆ. ನಕ್ಷೆ, ಅಲ್ಯೂಮಿನಿಯಂ ಕತ್ತರಿಸುವುದು, ಚಕ್ರ ಕೂರಿಸುವುದು, ವೈರಿಂಗ್, ಪ್ರೋಗ್ರಾಂ. ಎಲ್ಲ ಮುಗಿಯಿತು ಅಂದುಕೊಂಡ ದಿನ ರೋಬೋ ನೆಟ್ಟಗೆ ಹೋಗುವ ಬದಲು ಗೋಡೆಗೆ ಗುದ್ದುತ್ತದೆ. ಬಿಚ್ಚು, ಮತ್ತೆ ಕಟ್ಟು! ಕಟ್ಟಿದ ಮೇಲೆ ಓಡಿಸಿ ಪಳಗಬೇಡವೇ? ಅದಕ್ಕೆ ದಿನಗಳೇ ಉಳಿದಿರುವುದಿಲ್ಲ. ಕ್ಲಾಸು, ಇಂಟರ್ನಲ್ಸು, ಅಟೆಂಡೆನ್ಸುಗಳ ಮಧ್ಯೆ ಇದೆಲ್ಲ ಆಗಬೇಕು. ‘ರಾತ್ರಿ ಕೂತು ಮಾಡ್ತೀವಿ’ ಅಂತೀರಿ. ಸರಿ, ಹಾಸ್ಟೆಲ್ಲಿನಲ್ಲಿರುವ ನೀವು ಮಾಡ್ತೀರಿ. ಕೊನೆಯ ಬಸ್ಸು ಹಿಡಿಯಬೇಕಾದವನು?

ದಿನಕ್ಕೆ ಎಲ್ಲರಿಗೂ 24 ಗಂಟೆ ಅನ್ನುವುದು ಬರೀ ಬೊಗಳೆ. ಬೆಂಗಳೂರಿನಲ್ಲಿ ಒಂದು ಸರ್ಕ್ಯೂಟ್ ಸುಟ್ಟರೆ ಎಸ್.ಪಿ. ರಸ್ತೆಗೆ ಹೋಗಿ ಸಂಜೆಯೊಳಗೆ ಹೊಸದು ತರುತ್ತೀರಿ. ಹೊನ್ನಾವರದ ಕಡೆಯವನು ಕೊರಿಯರ್ ದಾರಿ ಕಾಯುತ್ತಾನೆ. ಮಳೆಗಾಲದ ಕರೆಂಟಿನ ಕಥೆ ಬೇರೆ!

ತಯಾರಿ ಶುರುವಾಗಬೇಕಾದ್ದು ಶಾಲೆಯಲ್ಲೇ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಒಳ್ಳೆಯದೇ. ಆದರೆ ಕೊನೆಯ ಬೆಲ್ ಹೊಡೆದ ಕೂಡಲೇ ಲ್ಯಾಬಿಗೆ ಬೀಗ ಬಿದ್ದರೆ ಆ ದುಡ್ಡು ಯಾರಿಗೆ?

ಅಮೆರಿಕದ ಫಸ್ಟ್ ಸಂಸ್ಥೆಯ ಹೈಸ್ಕೂಲು ಸ್ಪರ್ಧೆಯಲ್ಲಿ ಜನವರಿಯಲ್ಲಿ ವಿಷಯ ಕೊಟ್ಟು, ಆರು ವಾರದ ಮೇಲೆ ರೋಬೋವನ್ನು ಚೀಲದಲ್ಲಿಟ್ಟು ಮುದ್ರೆ ಹಾಕಿಸುತ್ತಿದ್ದರು. ಎಲ್ಲರಿಗೂ ಸಮಾನ ಅವಧಿಯಂತೆ! ದುಡ್ಡಿದ್ದ ತಂಡಗಳು ಅಂಥದೇ ಎರಡನೆಯ ರೋಬೋ ಕಟ್ಟಿಕೊಂಡು ಅಭ್ಯಾಸ ನಡೆಸಿದವು. 2020ರ ಸ್ಪರ್ಧೆಯಿಂದ ಆ ನಿಯಮ ಹೋಯಿತು.

ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮೇಳ ಕಟ್ಟಿದ ಸೀಮೆ ಅದು. ಒಂದು ಹೆಜ್ಜೆ ಕೂರಲು ಎಷ್ಟು ದಿನ ಬೇಕೆಂದು ಅಲ್ಲಿಯ ಮಕ್ಕಳಿಗೆ ನಾವು ಹೇಳಿಕೊಡಬೇಕಿಲ್ಲ. ಆದರೆ ಮೇಳದಲ್ಲಿ ತಪ್ಪು ಹೆಜ್ಜೆ ಹಾಕಿದರೆ ಹಳಬರು ಅವರದೇ ಮಾತಿನಲ್ಲಿ ತಿದ್ದುತ್ತಾರೆ. ರೋಬೋಕಾನಿನ ನಿಯಮಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವನಿಗೆ ಅದನ್ನು ಬಿಡಿಸಿಕೊಳ್ಳುವುದರಲ್ಲೇ ವಾರಗಳು ಕಳೆದರೆ ಕಟ್ಟುವುದು ಯಾವಾಗ ಸ್ವಾಮಿ?

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ರೋಬೋ ತಂಡದ ಹುಡುಗ ಹುಡುಗಿಯರೇ, ನಿಮ್ಮ ಮೋಟಾರು ಯಾಕೆ ಸುಟ್ಟಿತು, ಚಕ್ರ ಯಾಕೆ ಜಾರಿತು, ಯಾವ ವಾರ ವ್ಯರ್ಥವಾಯಿತು ಅನ್ನುವುದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆಯಿರಿ. ಕಾಲೇಜಿನವರನ್ನು ಕೇಳಿ, ಮೂಲೆಯಲ್ಲಿ ಬಿದ್ದಿರುವ ಹಳೆಯ ಮೋಟಾರುಗಳನ್ನೂ ಕಟ್ಟಿಕೊಳ್ಳಿ. ದಸರಾ ರಜೆಗೆ ಊರಿನ ಬಸ್ಸು ಹತ್ತುವಾಗ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.