ಊರಿನ ಅಂಗಳದ ಗಾಡಿ, ನಾಸಿಕದ ಕಂತು

ಬೇಸಗೆಯ ರಜೆ ಸಮೀಪಿಸಿತೆಂದರೆ ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಗಂಡಹೆಂಡಿರು, ಇಬ್ಬರು ಮಕ್ಕಳು, ಊರಿನ ಮನೆಗೆ ಬೀಗ ಹಾಕಿ ಮಗನ ಜೊತೆಗೆ ಬಂದಿರುವ ತಾಯಿತಂದೆಗಳು, ಹೀಗೆ ಆರು ಜನರ ಸಂಸಾರಕ್ಕೆ ಕೈಗೆಟಕುವ ಬೆಲೆಯಲ್ಲಿ ಯಾವ ಗಾಡಿ ತಕ್ಕುದು? ಸಾತಪುರದ ಕಾರ್ಖಾನೆಗಳ ಗುಮಾಸ್ತರೂ, ನಾಸಿಕ್ ರೋಡಿನ ಹೋಟೆಲುಗಳಲ್ಲಿ ಗಲ್ಲೆಯ ಮೇಲೆ ಕೂರುವವರೂ, ಸಂಭಾಜಿನಗರದ ವಾಳುಜದಲ್ಲಿ ಕ್ಯಾಂಟೀನು ನಡೆಸುವವರೂ ಇದನ್ನೇ ಕೇಳುತ್ತಿದ್ದಾರೆ. ಸ್ಕೂಟರಿನ ಮೇಲೆ ನಾಲ್ವರು ಒತ್ತಿಕೊಂಡು ಕುಳಿತು ಮುಂಬಯಿ ಹೆದ್ದಾರಿಯ ಲಾರಿಗಳ ನಡುವೆ ನುಸುಳುವುದನ್ನು ದಿನವೂ ಕಾಣುತ್ತಿರುವ ನಾವು ಈ ಆಸೆಯನ್ನು ಆಡಂಬರವೆಂದು ಎಂದಿಗೂ ಹೇಳಲಾರೆವು. ವಯಸ್ಸಾದ ತಾಯಿಯನ್ನು ಮಳೆಯಲ್ಲಿ ನೆನೆಯದಂತೆ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು ನ್ಯಾಯವಾದ ಬಯಕೆ.

ಆದರೆ ಈ ಪತ್ರಗಳಲ್ಲಿ ಹತ್ತಕ್ಕೆ ಎಂಟರ ಕೊನೆಯಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: “ಊರಿಗೆ ಹೋಗಲಿಕ್ಕೂ ಆಗಬೇಕು.” ನಮ್ಮ ಜನರ ಲೆಕ್ಕ ತಪ್ಪುವುದು ಈ ಒಂದು ವಾಕ್ಯದಲ್ಲಿ. ಗಾಡಿ ಓಡುವುದು ನಾಸಿಕದ ರಸ್ತೆಯಲ್ಲಿ. ಅದರ ಗಾತ್ರ ನಿಶ್ಚಯವಾಗುವುದು ಮಾತ್ರ ಕುಂದಾಪುರದ ಅಥವಾ ಕಾರ್ಕಳದ ಮನೆಯಂಗಳದಲ್ಲಿ. ಮೇ ತಿಂಗಳಲ್ಲಿ ಒಂದು ಮದುವೆ, ಒಂದು ಕೋಲ, ಒಂದು ಗೃಹಪ್ರವೇಶ. ಅಲ್ಲಿ ದಾಯಾದಿಗಳ ಗಾಡಿಯ ಪಕ್ಕದಲ್ಲಿ ನಮ್ಮದು ಸಣ್ಣದಾಗಿ ಕಾಣಬಾರದು. ಆ ನಾಲ್ಕು ದಿನಗಳ ಗೌರವಕ್ಕಾಗಿ ಏಳು ವರ್ಷ ಕಂತು ಕಟ್ಟುವವರನ್ನು ನಾವು ಬಲ್ಲೆವು. ಗಾಡಿ ನೋಡಿ ಮೆಚ್ಚಿದವರಲ್ಲಿ ಒಬ್ಬರೂ ಆ ಕಂತಿಗೆ ಪಾಲು ಕೊಟ್ಟುದನ್ನು ನಾವು ಕೇಳಿಲ್ಲ.

ವಾಚಕರು ಒಂದು ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಎಣಿಸಲಿ. ಆರು ಜನರೂ ಕೂಡಿ ಗಾಡಿಯೇರುವ ದಿನಗಳು ವರ್ಷಕ್ಕೆ ಎಷ್ಟು? ಹೋಟೆಲು ಕೆಲಸಗಾರನಿಗೆ ವಾರದ ರಜೆ ಒಂದು ದಿನ, ಅದೂ ಭಾನುವಾರವಲ್ಲ; ಆ ದಿನ ಮಕ್ಕಳಿಗೆ ಶಾಲೆ. ವಣಿಯ ಸಪ್ತಶೃಂಗಿಗೆ ಒಮ್ಮೆ, ತ್ರ್ಯಂಬಕೇಶ್ವರಕ್ಕೆ ಎರಡು ಸಲ, ಸಂಭಾಜಿನಗರದವರಾದರೆ ವೇರುಳದ ಘೃಷ್ಣೇಶ್ವರಕ್ಕೆ, ನಾಲ್ಕಾರು ಸಮಾರಂಭಗಳಿಗೆ. ಇಪ್ಪತ್ತು ದಿನ ದಾಟುವುದು ಕಷ್ಟ. ಮಿಕ್ಕ ದಿನಗಳಲ್ಲಿ ಗಾಡಿಯಲ್ಲಿರುವವರು ಇಬ್ಬರು ಮೂವರು, ಇಲ್ಲವೆ ಪಂಚವಟಿಯ ಅಥವಾ ಜಾಧವವಾಡಿಯ ಮಾರುಕಟ್ಟೆಯಿಂದ ಬರುವ ತರಕಾರಿಯ ಚೀಲಗಳು. ಈಗ ಕೆಲವರು 2027ರ ಸಿಂಹಸ್ಥ ಕುಂಭಮೇಳಕ್ಕೆ ಊರಿನ ನೆಂಟರೆಲ್ಲ ಬರುವರೆಂಬ ಕಾರಣವನ್ನೂ ಮುಂದೊಡ್ಡುತ್ತಿದ್ದಾರೆ. ಪರ್ವದ ದಿನಗಳಲ್ಲಿ ಖಾಸಗಿ ಗಾಡಿಗಳನ್ನು ನಗರದ ಹೊರಗೇ ತಡೆದು ನಿಲ್ಲಿಸುವುದು ಕುಂಭಮೇಳದ ವಾಡಿಕೆ. ಏಳು ಆಸನವಿದ್ದರೂ ರಾಮಕುಂಡಕ್ಕೆ ನಡೆದೇ ಹೋಗಬೇಕು.

ಕೈಯಲ್ಲಿ ಹಣ ಕಡಿಮೆ ಇರುವವರ ಕಣ್ಣು ಮೊದಲು ಬೀಳುವುದು ಹಳೆಯ ಓಮ್ನಿಯ ಮೇಲೆ. 1984ರಿಂದ 2019ರ ವರೆಗೆ ಮಾರುತಿ ಕಂಪನಿ ತಯಾರಿಸಿದ ಈ 796 ಸಿ.ಸಿ.ಯ ವ್ಯಾನು ನಮ್ಮ ಹೋಟೆಲು ಉದ್ಯಮಕ್ಕೆ ಮಾಡಿದ ಸೇವೆ ಸಣ್ಣದಲ್ಲ. ಹಾಲು, ಹಿಟ್ಟು, ಮದುವೆಯ ಅಡಿಗೆಯ ಕೊಪ್ಪರಿಗೆ, ಎಲ್ಲವನ್ನೂ ಅದು ಹೊತ್ತಿದೆ. ಆದರೆ ಅದರ ಮುಂದಿನ ಆಸನದಲ್ಲಿ ಕುಳಿತವನ ಮೊಣಕಾಲಿಗೂ ಎದುರಿನಿಂದ ಬರುವ ಲಾರಿಗೂ ನಡುವೆ ಇರುವುದು ಒಂದು ತಗಡು ಮಾತ್ರ. ಎಂಜಿನು ಆಸನದ ಕೆಳಗಿದೆ. ಹೊಸ ಸುರಕ್ಷತಾ ನಿಯಮಗಳು ಜಾರಿಗೆ ಬಂದಾಗ ಅದರ ತಯಾರಿಕೆ ನಿಂತುದಕ್ಕೆ ಕಾರಣ ಇದೇ. ಹದಿನೈದು ವರ್ಷ ತುಂಬಿದ ಕಾರನ್ನು ಮತ್ತೆ ನೋಂದಾಯಿಸುವ ಶುಲ್ಕವು 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಗ್ಗವೆಂದು ತಂದ ಗಾಡಿ ಗ್ಯಾರೇಜಿನಲ್ಲೂ ಆರ್.ಟಿ.ಓ. ಕಚೇರಿಯಲ್ಲೂ ತನ್ನ ಬೆಲೆಯನ್ನು ವಸೂಲು ಮಾಡಿಕೊಳ್ಳುತ್ತದೆ. ಸಾಮಾನಿಗಾದರೆ ಓಮ್ನಿ ಇರಲಿ. ಮಕ್ಕಳನ್ನು ಕೂರಿಸಿ ಹೆದ್ದಾರಿಗೆ ಒಯ್ಯಲು ಬೇಡ.

ಅದರ ಜಾಗಕ್ಕೆ ಬಂದಿರುವುದು 2010ರಲ್ಲಿ ಪ್ರವೇಶಿಸಿದ ಈಕೋ. ಇದೂ ಸೊಬಗಿನ ಗಾಡಿಯೇನಲ್ಲ. ಏರ್‌ಬ್ಯಾಗಿಲ್ಲದ ಇದರ ಮಾದರಿಯನ್ನು 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಒಂದು ನಕ್ಷತ್ರವೂ ದೊರಕಲಿಲ್ಲ. 2025ರಲ್ಲಿ ಕಂಪನಿ ಇದಕ್ಕೆ ಆರು ಏರ್‌ಬ್ಯಾಗುಗಳನ್ನು ಕೊಟ್ಟು, ಏಳು ಆಸನದ ಮಾದರಿಯನ್ನು ಕೈಬಿಟ್ಟು ಆರು ಆಸನದ್ದನ್ನು ತಂದಿತು. ಆದುದರಿಂದ ಹಳೆಯ ಈಕೋ ಕೊಳ್ಳುವವರು ತಯಾರಾದ ವರ್ಷವನ್ನು ನೋಡದೆ ಮುಂಗಡ ಕೊಡಬಾರದು. ಪಕ್ಕಕ್ಕೆ ಸರಿಯುವ ಬಾಗಿಲು ಗುಲಮಂಡಿಯಂಥ ಇಕ್ಕಟ್ಟಿನ ಬೀದಿಗಳಲ್ಲಿ ವರದಾನ. ಸೀರೆಯುಟ್ಟ ಮುದುಕಿಗೆ ಹತ್ತಿ ಇಳಿಯಲು ಎತ್ತರದ ಜೀಪುಗಳಿಗಿಂತ ಎಷ್ಟೋ ಸುಲಭ. ಮರಾಠವಾಡದ ಬಿಸಿಲನ್ನು ಬಲ್ಲವರು ಎ.ಸಿ.ಗೆ ಹಣ ಕೊಡಲಿ, ಉಳಿದ ಅಲಂಕಾರಗಳಿಗೆ ಬೇಡ. ಸಿ.ಎನ್.ಜಿ.ಯ ಮಾತು ಬೇರೆ: ಕಿಲೋಮೀಟರಿಗೆ ಎರಡು ರೂಪಾಯಿ ಉಳಿಯುವುದೆಂದು ಹಿಡಿದರೂ, ಸುಮಾರು 90 ಸಾವಿರದ ಹೆಚ್ಚಿನ ಬೆಲೆ ತುಂಬಿಬರಲು 45 ಸಾವಿರ ಕಿಲೋಮೀಟರ್ ಓಡಬೇಕು. ದಿನವೂ ಮಾರುಕಟ್ಟೆಗೆ ಓಡಿಸುವ ಕ್ಯಾಂಟೀನಿನವರಿಗೆ ಅದು ಸರಿ; ತಿಂಗಳಿಗೆ ನಾನೂರು ಕಿಲೋಮೀಟರ್ ಓಡಿಸುವ ಗುಮಾಸ್ತರಿಗೆ ಒಂಬತ್ತು ವರ್ಷ ಬೇಕಾದೀತು.

ತಂದೆಯವರಿಗೂ ಒಳ್ಳೆಯ ಆಸನ ಬೇಕು, ಏಳನೆಯವರೂ ಆಗಾಗ ಬರುವರು ಎನ್ನುವವರಿಗೆ 2019ರಿಂದ ಮಾರಾಟದಲ್ಲಿರುವ ರೆನೋ ಟ್ರೈಬರ್ ಇದೆ. ನಾಲ್ಕು ಮೀಟರಿನೊಳಗೆ ಏಳು ಆಸನ. ಹಿಂದಿನ ಸಾಲನ್ನು ಬಿಚ್ಚಿ ಮನೆಯಲ್ಲಿಟ್ಟರೆ ಸಾಮಾನಿಗೆ ಧಾರಾಳ ಜಾಗ. ಏಳು ಜನ ಕುಳಿತಾಗ ಮಾತ್ರ ಒಂದು ಹಲಸಿನಕಾಯಿಗೂ ಎಡೆಯಿಲ್ಲ, ಒಂದು ಲೀಟರಿನ ಎಂಜಿನು ಘಟ್ಟದಲ್ಲಿ ಏದುಸಿರು ಬಿಡುತ್ತದೆ. ನಾಸಿಕದಲ್ಲೇ ತಯಾರಾಗುವ ಬೊಲೆರೊ ನಮ್ಮವರಿಗೆ ಪ್ರೀತಿಯದು, ಆದರೆ ಅದರ ಹಿಂದಿನ ಸಾಲಿನಲ್ಲಿ ಅಡ್ಡಡ್ಡಲಾಗಿ ಕುಳಿತು ಘಟ್ಟ ಇಳಿದ ವೃದ್ಧರನ್ನು ಕೇಳಿ ನೋಡಿರಿ.

ಬೆಲೆಯ ಅಂತರಕ್ಕೆ ತೆರಿಗೆಯೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿನೊಳಗಿನ ಉದ್ದವೂ 1200 ಸಿ.ಸಿ.ಯೊಳಗಿನ ಪೆಟ್ರೋಲ್ ಎಂಜಿನೂ ಇರುವ ಕಾರಿಗೆ ಜಿ.ಎಸ್.ಟಿ. ಶೇ 18. ಈಕೋ, ಟ್ರೈಬರುಗಳು ಈ ಮಿತಿಯೊಳಗಿವೆ. ಅದನ್ನು ದಾಟಿದ ಎರ್ಟಿಗಾದಂಥ ಗಾಡಿಗೆ ಶೇ 40. ದೊಡ್ಡ ಗಾಡಿ ಕೊಂಡವನು ಹೆಚ್ಚಿನ ಒಂದು ಸಾಲು ಆಸನದ ಜೊತೆಗೆ ಹೆಚ್ಚಿನ ತೆರಿಗೆಯನ್ನೂ ಮನೆಗೆ ತರುತ್ತಾನೆ; ಅದರ ಮೇಲೆ ಬಡ್ಡಿಯನ್ನೂ ಕಟ್ಟುತ್ತಾನೆ.

ಬಡ್ಡಿಯ ಲೆಕ್ಕವನ್ನು ಬಿಡಿಸಿ ಹೇಳುತ್ತೇವೆ. ಶೇ 9.5ರ ದರದಲ್ಲಿ ಐದು ಲಕ್ಷ ಸಾಲ ಮಾಡಿ ಐದು ವರ್ಷಗಳಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 10,500 ರೂಪಾಯಿ, ಒಟ್ಟು ಬಡ್ಡಿ 1.30 ಲಕ್ಷ. ಏಳು ವರ್ಷಕ್ಕೆ ಎಳೆದರೆ ಕಂತು 8,170ಕ್ಕೆ ಇಳಿಯುತ್ತದೆ, ಬಡ್ಡಿ 1.86 ಲಕ್ಷಕ್ಕೆ ಏರುತ್ತದೆ. ಹತ್ತು ಲಕ್ಷದ ಸಾಲಕ್ಕೆ ಏಳು ವರ್ಷ, ತಿಂಗಳಿಗೆ 16,340; ಬಡ್ಡಿಯೇ 3.73 ಲಕ್ಷ. ಅಷ್ಟು ಹಣದಲ್ಲಿ ಮಗಳನ್ನು ಡಿಪ್ಲೊಮಾ ಓದಿಸಬಹುದು. ಐದು ವರ್ಷದೊಳಗೆ ತೀರಿಸಲಾಗದ ಗಾಡಿ ನಮ್ಮ ಸಂಬಳಕ್ಕೆ ದೊಡ್ಡದೆಂದೇ ನಮ್ಮ ಅಭಿಪ್ರಾಯ.

ಕಂತು ಭಾರವಾದಾಗ ಬರುವ ಯೋಚನೆಯೊಂದಿದೆ: ಬೆಳಿಗ್ಗೆ ನಾಲ್ಕು ಶಾಲೆಯ ಮಕ್ಕಳನ್ನು ಬಿಟ್ಟುಬರೋಣ, ರಜೆಯ ದಿನ ಶಿರಡಿಗೆ ಬಾಡಿಗೆ ಹೋಗೋಣ. ಬಿಳಿಯ ಫಲಕದ ಗಾಡಿಯಲ್ಲಿ ಇದು ಅಪರಾಧ. ಪರವಾನಗಿಯಿಲ್ಲದ ಬಾಡಿಗೆಗೆ 2019ರ ತಿದ್ದುಪಡಿಯ ನಂತರ ಹತ್ತು ಸಾವಿರ ದಂಡದ ಜೊತೆಗೆ ಸೆರೆಮನೆಯ ಶಿಕ್ಷೆಯೂ ಇದೆ. ದಂಡಕ್ಕಿಂತ ಭಯಂಕರವಾದುದು ವಿಮೆಯ ವಿಷಯ. ಖಾಸಗಿ ಕಾರಿನ ವಿಮೆ ಬಾಡಿಗೆಯ ಓಟಕ್ಕೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಪರಿಹಾರದ ಹೊರೆ ಮಾಲೀಕನ ತಲೆಯ ಮೇಲೆಯೇ ಬೀಳಬಹುದು. ಇನ್ನು ಹಳೆಯ ಗಾಡಿಗೆ ನಮ್ಮವರು ಮಾಡಿಸುವ ಅಗ್ಗದ “ಥರ್ಡ್ ಪಾರ್ಟಿ” ವಿಮೆ ರಸ್ತೆಯಲ್ಲಿ ಹೋಗುವ ಪರರಿಗಾಗಿ ಇರುವಂಥದು. ಗಾಡಿಯೊಳಗೆ ಕುಳಿತ ಹೆಂಡತಿ ಮಕ್ಕಳನ್ನು ಅದು ಒಳಗೊಳ್ಳುವುದಿಲ್ಲ. ಸಮಗ್ರ ವಿಮೆಗೆ ಕೆಲವು ಸಾವಿರ ಹೆಚ್ಚಾದರೂ ಅದನ್ನೇ ಮಾಡಿಸಬೇಕು.

ಇಷ್ಟಾದ ಮೇಲೆ ಊರಿನ ದಾರಿ. ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲೂಕೇ ಇದೆ. ಅದನ್ನು ಹಾದುಬರುವ 52ನೆಯ ರಾಷ್ಟ್ರೀಯ ಹೆದ್ದಾರಿ ಬೀಡ, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳನ್ನು ದಾಟಿ, ಅರಬೈಲು ಘಟ್ಟವಿಳಿದು ಅಂಕೋಲೆಯಲ್ಲಿ ಕಡಲ ಬಳಿ ಮುಗಿಯುತ್ತದೆ. ನಮಗಾಗಿಯೇ ಹಾಕಿದ ರಸ್ತೆಯೆನಿಸುವುದು ಸಹಜ. ನಾಸಿಕದವರಿಗೆ ಪುಣೆ, ಕೊಲ್ಲಾಪುರ, ಬೆಳಗಾವಿಗಳ ಮೇಲೆ ಉಡುಪಿಗೆ ಸುಮಾರು 950 ಕಿಲೋಮೀಟರ್. ಹೋಗಿ ಬರಲು, ಲೀಟರಿಗೆ 15 ಕಿಲೋಮೀಟರಿನಂತೆ 127 ಲೀಟರ್ ಪೆಟ್ರೋಲು. ನೂರು ರೂಪಾಯಿಯೆಂದು ಹಿಡಿದರೂ 12,700. ಟೋಲು ಬೇರೆ. ಹಣ ಹೋಗಲಿ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲೆಳೆದು, ಇದ್ದ ಐದು ದಿನದ ರಜೆಯಲ್ಲಿ ಒಂದು ದಿನ ದಾರಿಯಲ್ಲಿ ಕಳೆಯಬಾರದೆಂದು ನಿದ್ದೆಯಿಲ್ಲದೆ ಚಕ್ರ ಹಿಡಿಯುವ ನಮ್ಮ ಹುಡುಗರನ್ನು ನೆನೆದರೆ ನಮಗೆ ಭಯವಾಗುತ್ತದೆ. ಹದಿನೆಂಟು ಗಂಟೆಯ ದಾರಿಗೆ ಒಬ್ಬನೇ ಚಾಲಕ. ಹಿಂದೆ ಇಡೀ ಸಂಸಾರ ನಿದ್ರಿಸುತ್ತಿರುತ್ತದೆ. ನಾಸಿಕ್ ರೋಡಿನಿಂದ ಕೊಂಕಣ ರೈಲುಮಾರ್ಗವಾಗಿ ಮಂಗಳೂರಿಗೆ ಹೋಗುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ಸು ಇದೆ. ಸಂಭಾಜಿನಗರದವರೂ ಅಲ್ಲಿಗೆ ಬಂದು ಹತ್ತಬಹುದು. ಈಗ ಮುಂಗಡ ಟಿಕೇಟಿನ ಅವಧಿ 60 ದಿನಗಳು; ಮೇ ತಿಂಗಳ ಮದುವೆಗೆ ಮಾರ್ಚಿನಲ್ಲೇ ಎಚ್ಚರವಾಗಬೇಕು. ಊರಿನಲ್ಲಿ ನಾಲ್ಕು ದಿನಕ್ಕೆ ಬಾಡಿಗೆಯ ಗಾಡಿ ಹಿಡಿದರೂ ದೊಡ್ಡ ಗಾಡಿಯ ಒಂದು ತಿಂಗಳ ಕಂತನ್ನು ಮೀರಲಾರದು.

ಕೆಲಸ ಮುಗಿಸಿ ಊರಿಗೇ ಮರಳುವವರು ಇನ್ನೊಂದನ್ನು ತಿಳಿದಿರಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಗಾಡಿ ಕರ್ನಾಟಕದಲ್ಲಿ ಇದ್ದರೆ ಅಲ್ಲಿಯ ಸಂಖ್ಯೆಯನ್ನೂ ತೆರಿಗೆಯನ್ನೂ ಮಾಡಿಸಿಕೊಳ್ಳಬೇಕಾಗುತ್ತದೆ. 2021ರಲ್ಲಿ ಬಂದ ಬಿ.ಎಚ್. ಸರಣಿಯ ಸೌಕರ್ಯ ಸರಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಸಂಸ್ಥೆಗಳ ನೌಕರರಿಗೂ ಉಂಟು. ಬ್ಯಾಂಕಿನ ಗುಮಾಸ್ತರು ಇದನ್ನು ವಿಚಾರಿಸಲಿ. ಹೋಟೆಲಿನವರಿಗೆ ಇದು ಸಿಗುವುದು ಅಪರೂಪ.

ಗಾಡಿ ನೋಡಲು ಗೆಳೆಯರ ಗುಂಪಿನೊಡನೆ ಹೋಗುವುದು ನಮ್ಮವರ ರೂಢಿ. ಅವರು ಮುಂದಿನ ಸಾಲಿನಲ್ಲಿ ಕುಳಿತು ಹಾರ್ನು ಒತ್ತಿ ನೋಡುತ್ತಾರೆ. ಬದಲಿಗೆ ಅಮ್ಮನನ್ನು ಕರೆದುಕೊಂಡು ಹೋಗಿ, ಆಕೆಯನ್ನೇ ಹಿಂದಿನ ಸಾಲಿಗೆ ಹತ್ತಿಸಿ, ಬೆಲ್ಟು ಕಟ್ಟಿಸಿ, ಷೋರೂಮಿನ ಹೊರಗೆ ಅರ್ಧ ಗಂಟೆ ಓಡಿಸಿ ತರಬೇಕು. ಇಳಿಯುವಾಗ ಆಕೆ ಯಾವುದನ್ನು ಹಿಡಿದು ಇಳಿಯುತ್ತಾಳೆಂಬುದನ್ನು ನೋಡಿಕೊಂಡು, ಅನಂತರ ಮುಂಗಡ ಕೊಡಲಿ.